ಸಣ್ಣ ಟ್ರ್ಯಾಕ್ಟರಿಗೆ ಯಾವ ಬೇಲರ್: ದುಂಡೋ, ಚೌಕವೋ, ಬಾಡಿಗೆಯೋ?

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದಲ್ಲಿ ದ್ರಾಕ್ಷಿ ತೋಟಕ್ಕೆಂದು, ಬಾಗಲಕೋಟೆಯ ಕಡೆ ದಾಳಿಂಬೆಗೆಂದು, ಬೆಳಗಾವಿ ಜಿಲ್ಲೆಯ ಅಥಣಿ, ರಾಯಬಾಗ ತಾಲ್ಲೂಕುಗಳಲ್ಲಿ ಕಬ್ಬಿನ ಸಾಲಿನ ನಡುವಿನ ಕೆಲಸಕ್ಕೆಂದು ಕೊಂಡ 20ರಿಂದ 30 ಎಚ್‌ಪಿಯ ಸಣ್ಣ ಟ್ರ್ಯಾಕ್ಟರುಗಳು ಈಗ ಬಹಳ ಮನೆಗಳಲ್ಲಿವೆ. ಇನ್ನೊಂದು ಕಡೆ, ಕಟಾವು ಯಂತ್ರ ಬಂದು ಹೋದ ಹೊಲದಲ್ಲಿ ಗೋಧಿಯ, ಭತ್ತದ ಹುಲ್ಲು ಚೆಲ್ಲಾಡಿ ಬಿದ್ದಿರುತ್ತದೆ. ಅದನ್ನು ಕೂಡಿಸಿ, ಕಟ್ಟಿ, ಬಣವೆ ಒಟ್ಟುವ ಆಳುಗಳು ಸಿಗುವುದು ದುಸ್ತರವಾಗಿದೆ. ಹಾಗಾಗಿ ಮನೆಯಲ್ಲಿರುವ ಸಣ್ಣ ಟ್ರ್ಯಾಕ್ಟರಿಗೇ ಒಂದು ಬೇಲರ್, ಅಂದರೆ ಹುಲ್ಲನ್ನು ಎತ್ತಿ ಒತ್ತಿ ಬೇಲ್ ಎಂಬ ಬಿಗಿಯಾದ ಕಟ್ಟು ಮಾಡುವ ಯಂತ್ರ, ಜೋಡಿಸಿದರೆ ಹೇಗೆ ಎಂಬ ವಿಚಾರ ಬರುವುದು ಸಹಜ. ಅಂಗಡಿಯಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಸಾಮಾನ್ಯವಾಗಿ ಎಚ್‌ಪಿಯಿಂದ ಆರಂಭವಾಗಿ ಎಚ್‌ಪಿಯಲ್ಲೇ ಮುಗಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಲೆಕ್ಕ ಹಿಂದುಮುಂದಾಗಬೇಕು: ಕಟ್ಟಿದ ಬೇಲ್ ಕೊನೆಗೆ ಎಲ್ಲಿ ಇರುತ್ತದೆ, ಅದನ್ನು ಯಾರು ಎತ್ತುತ್ತಾರೆ, ಯಾವ ದನ ತಿನ್ನುತ್ತದೆ ಅಥವಾ ಯಾರು ಕೊಳ್ಳುತ್ತಾರೆ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಯಂತ್ರದ ಕಡೆಗೆ, ಕಟ್ಟಕಡೆಗೆ ಟ್ರ್ಯಾಕ್ಟರಿನ ಕಡೆಗೆ ಬರಬೇಕು.

ಯಾವ ಹುಲ್ಲಿಗೆ ಬೇಲರ್, ಯಾವುದಕ್ಕೆ ಬೇಡ

ನಮ್ಮ ಮೂರು ಜಿಲ್ಲೆಗಳ ಮುಖ್ಯ ಒಣಮೇವು ಜೋಳದ ಕಣಿಕೆ. ಹಿಂಗಾರಿ ಜೋಳ, ಅದರಲ್ಲೂ ಮಾಲದಂಡಿ ಎಂದು ಹೆಸರಾದ ಎಂ 35-1 ತಳಿಯನ್ನು ಕಾಳಿಗಾಗಿ ಎಷ್ಟೋ, ಕಣಿಕೆಗಾಗಿಯೂ ಅಷ್ಟೇ ಬೆಳೆಯುತ್ತಾರೆ. ಈ ಬೆಳೆಯನ್ನು ಕೈಯಿಂದ ಕಿತ್ತು ಅಥವಾ ಕೊಯ್ದು, ಸಿವುಡು ಕಟ್ಟಿ, ತೆನೆ ಮುರಿದು ಬಣವೆಗೆ ಸಾಗಿಸುವ ಕ್ರಮ ಇರುವ ಕಡೆ ಬೇಲರ್ ಹೆಚ್ಚಿನದೇನನ್ನೂ ಕೊಡುವುದಿಲ್ಲ. ಆಳೆತ್ತರದ ದಪ್ಪ ದಂಟು ಸಣ್ಣ ಬೇಲರಿನ ಉರುಳೆಗಳ ನಡುವೆ ಸಲೀಸಾಗಿ ಸುತ್ತಿಕೊಳ್ಳುವುದಿಲ್ಲ. ಸುತ್ತಿಕೊಂಡರೂ ಎಲೆ ಉದುರಿ ಹೊಲದಲ್ಲೇ ಉಳಿಯುತ್ತದೆ. ದನಕ್ಕೆ ಬೇಕಾದದ್ದು ಆ ಎಲೆಯೇ. ಕಣಿಕೆ ನಿಮ್ಮ ಮುಖ್ಯ ಮೇವಾಗಿದ್ದರೆ ಬೇಲರಿನ ಹಣದಲ್ಲಿ ಸಣ್ಣ ಭಾಗ ಖರ್ಚು ಮಾಡಿ ಮೇವು ಕತ್ತರಿಸುವ ಒಳ್ಳೆಯ ಚಾಫ್ ಕಟರ್ ತರುವುದು ಲಾಭ. ದನ ಮೇದು ಬಿಡುವ ಗಟ್ಟಿ ದಂಟಿನ ಪ್ರಮಾಣ ಕಡಿಮೆಯಾಗಿ, ಇದ್ದ ಬಣವೆಯೇ ಹೆಚ್ಚು ದಿನ ಬರುತ್ತದೆ.

ಬೇಲರಿಗೆ ಹೇಳಿ ಮಾಡಿಸಿದಂಥದ್ದು ಮೆತ್ತಗಿನ, ಉದ್ದ ಎಳೆಯ ಹುಲ್ಲು: ಖಾನಾಪುರ, ಕಿತ್ತೂರು ಕಡೆಯ ಭತ್ತದ ಹುಲ್ಲು, ಗೋಧಿ ಹುಲ್ಲು, ಬದುವಿನ ಮತ್ತು ಬೀಳು ಭೂಮಿಯ ಒಣಹುಲ್ಲು, ನೀರಾವರಿಯಲ್ಲಿ ಬೆಳೆದು ಕೊಯ್ದು ಒಣಗಿಸಿದ ಮೇವಿನ ಹುಲ್ಲು. ಗೋವಿನಜೋಳದ ಸೊಪ್ಪೆ ನಡುವಿನದು. ತೆನೆ ಮುರಿದ ಮೇಲೆ ನಿಂತ ದಂಟನ್ನು ಹಾಗೆಯೇ ಕೊಯ್ದು ಸಣ್ಣ ಬೇಲರಿಗೆ ತಿನ್ನಿಸಿದರೆ ಸಿಕ್ಕಿಹಾಕಿಕೊಳ್ಳುವುದೇ ಹೆಚ್ಚು. ಮೊದಲು ಜಜ್ಜಿ ಚೂರು ಮಾಡಿಕೊಂಡರೆ ನಡೆಯುತ್ತದೆ, ಆದರೆ ಅದು ಇನ್ನೊಂದು ಯಂತ್ರ, ಇನ್ನೊಂದು ಸುತ್ತಿನ ಡೀಸೆಲ್. ಕಡಲೆ, ಸೋಯಾಬೀನ್ ಹೊಟ್ಟು ಬೇಲರಿನ ವಸ್ತುವೇ ಅಲ್ಲ. ಶೇಂಗಾ ಬಳ್ಳಿಯನ್ನು ಕಟ್ಟಬಹುದು, ಆದರೆ ಬೇರಿನ ಮಣ್ಣು ಬೇಲಿನೊಳಗೆ ಸೇರುತ್ತದೆ ಮತ್ತು ಎಲೆ ಪುಡಿಯಾಗುತ್ತದೆ.

ಕಬ್ಬಿನ ರವದಿಯ, ಅಂದರೆ ಒಣಗಿದ ಗರಿಯ, ವಿಷಯ ಬೇರೆಯೇ. ಬೆಳಗಾವಿ ಮತ್ತು ಬಾಗಲಕೋಟೆ ರಾಜ್ಯದಲ್ಲಿ ಅತಿ ಹೆಚ್ಚು ಕಬ್ಬು ಬೆಳೆಯುವ ಜಿಲ್ಲೆಗಳ ಸಾಲಿನಲ್ಲಿವೆ. ಕಟಾವಿನ ನಂತರ ಎಕರೆಗೆ ಮೂರು ನಾಲ್ಕು ಟನ್ ಒಣ ರವದಿ ನೆಲದ ಮೇಲೆ ಉಳಿಯುತ್ತದೆ. ಕಬ್ಬಿನ ಹಸಿರು ತುದಿಯಾದ ವಾಡಿಯನ್ನು ದನಗಳು ತಿನ್ನುತ್ತವೆ, ಒಣ ರವದಿಯನ್ನು ಮೇವು ಎಂದು ಎಣಿಸುವಂತಿಲ್ಲ. ಅದನ್ನು ಕಟ್ಟುವುದಾದರೆ ಮಾರಾಟಕ್ಕೆ, ಅಂದರೆ ಬಾಯ್ಲರ್ ಉರುವಲಿಗೆ. ಕೂಳೆ ಬೆಳೆ ಉಳಿಸಿಕೊಳ್ಳುವವರು ರವದಿಯನ್ನು ಸಾಲುಗಳ ನಡುವೆ ಹೊದಿಕೆಯಾಗಿ ಬಿಡುವುದೇ ಮೇಲು ಎಂಬುದು ನನ್ನ ನಿಲುವು: ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ಅದರೊಳಗಿನ ಪೊಟ್ಯಾಷ್ ಹೊಲದಲ್ಲೇ ಉಳಿಯುತ್ತದೆ. ರವದಿಗೆ ಬೆಂಕಿ ಹಚ್ಚುವುದೊಂದೇ ಪರ್ಯಾಯವಾಗಿದ್ದಾಗ ಮಾತ್ರ ಬೇಲ್ ಮಾಡಿ ಮಾರುವುದು ಖಂಡಿತವಾಗಿ ಉತ್ತಮ.

ಮೂರು ಬಗೆಯ ಯಂತ್ರ

ಮಾರುಕಟ್ಟೆಯಲ್ಲಿ ಸಣ್ಣ ರೈತರ ಮುಂದೆ ಬರುವ ಯಂತ್ರಗಳನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಮಿನಿ ದುಂಡು ಬೇಲರ್. ಸುಮಾರು 50 ಸೆಂಟಿಮೀಟರ್ ವ್ಯಾಸ, 70 ಸೆಂಟಿಮೀಟರ್ ಉದ್ದದ ಬೇಲ್ ಕಟ್ಟುತ್ತದೆ. ಹುಲ್ಲಿನ ಜಾತಿ ಮತ್ತು ಬಿಗಿತಕ್ಕೆ ತಕ್ಕಂತೆ ಒಂದರ ತೂಕ 15ರಿಂದ 20 ಕೆಜಿಯ ಆಸುಪಾಸು. 20 ಎಚ್‌ಪಿ ದಾಟಿದ ಟ್ರ್ಯಾಕ್ಟರ್ ಇದನ್ನು ನಡೆಸಬಲ್ಲದು. ಎರಡನೆಯದು ಮಧ್ಯಮ ದುಂಡು ಬೇಲರ್: 60 ಸೆಂಟಿಮೀಟರ್ ವ್ಯಾಸ, 90 ಸೆಂಟಿಮೀಟರಿಗೆ ಮೇಲ್ಪಟ್ಟ ಉದ್ದ, 30 ಕೆಜಿ ಮತ್ತು ಅದಕ್ಕೂ ಹೆಚ್ಚು ತೂಕದ ಬೇಲ್, ಇದಕ್ಕೆ 35 ಎಚ್‌ಪಿಗಿಂತ ಕಡಿಮೆಯ ಟ್ರ್ಯಾಕ್ಟರ್ ಸಾಲದು. ಮೂರನೆಯದು ಚೌಕ ಬೇಲರ್. ಇದರಲ್ಲಿ ಒಂದು ಭಾರವಾದ ದಟ್ಟಕ ನಿಮಿಷಕ್ಕೆ ಹಲವು ಹತ್ತು ಸಲ ಹಿಂದೆ ಮುಂದೆ ಹೊಡೆದು ಹುಲ್ಲನ್ನು ಗಟ್ಟಿ ಮಾಡುತ್ತದೆ, ಗಂಟು ಹಾಕುವ ಸಾಧನ ತಾನಾಗಿಯೇ ಹುರಿ ಕಟ್ಟುತ್ತದೆ. ಆ ಹೊಡೆತ ಟ್ರ್ಯಾಕ್ಟರಿನ ಮೈಗೆ ನೇರವಾಗಿ ತಟ್ಟುವುದರಿಂದ ಶಕ್ತಿಯ ಜೊತೆಗೆ ತೂಕವೂ ಬೇಕು. 45 ಎಚ್‌ಪಿಯ ಭಾರದ ಟ್ರ್ಯಾಕ್ಟರ್ ಇದಕ್ಕೆ ಹಿತ. 24 ಎಚ್‌ಪಿಯ ತೋಟದ ಟ್ರ್ಯಾಕ್ಟರಿಗೆ ಇದನ್ನು ಹೂಡುವ ವಿಚಾರ ಕೈಬಿಡುವುದು ಒಳಿತು.

ಕೆಲಸದ ಲಯದಲ್ಲಿಯೂ ವ್ಯತ್ಯಾಸವಿದೆ. ಚೌಕ ಬೇಲರ್ ನಿಲ್ಲದೆ ಸಾಗುತ್ತದೆ, ಬೇಲುಗಳು ಹಿಂದಿನಿಂದ ಒಂದೊಂದಾಗಿ ಹೊರಬರುತ್ತವೆ. ದುಂಡು ಬೇಲರ್ ತುಂಬಿದ ಕೂಡಲೇ ಟ್ರ್ಯಾಕ್ಟರ್ ನಿಲ್ಲಿಸಿ, ಬಲೆ ಅಥವಾ ಹುರಿ ಸುತ್ತುವವರೆಗೆ ಕಾದು, ಹಿಂಬಾಗಿಲು ತೆರೆದು ಬೇಲನ್ನು ಉರುಳಿಸಿ, ಮುಚ್ಚಿ ಮುಂದೆ ಹೋಗಬೇಕು. ಇಷ್ಟಾದರೂ ದುಂಡು ಯಂತ್ರದ ಪರವಾಗಿ ಒಂದು ದೊಡ್ಡ ಮಾತಿದೆ. ಅದರಲ್ಲಿ ಗಂಟು ಹಾಕುವ ಸಾಧನವಿಲ್ಲ. ಚೌಕ ಬೇಲರಿನ ಆ ಸಾಧನ ಹೊಂದಾಣಿಕೆ ತಪ್ಪಿದರೆ ಊರಿನ ಮೇಸ್ತ್ರಿಯ ಕೈಯಲ್ಲಿ ಸರಿಹೋಗುವುದು ಕಷ್ಟ. ದುಂಡು ಬೇಲರಿನ ಸರಪಳಿ, ಬೇರಿಂಗ್, ಹಲ್ಲುಗಳು ಮಹಾಲಿಂಗಪುರದಲ್ಲೋ ಇಂಡಿಯಲ್ಲೋ ಇರುವ ಯಾವುದೇ ಒಳ್ಳೆಯ ವರ್ಕ್‌ಶಾಪಿನಲ್ಲಿ ದುರಸ್ತಿಯಾಗುವಂಥವು.

ಟ್ರ್ಯಾಕ್ಟರಿನಲ್ಲಿ ನೋಡಬೇಕಾದದ್ದು ಎಚ್‌ಪಿ ಮಾತ್ರವಲ್ಲ

ಬಾನೆಟ್ಟಿನ ಮೇಲೆ ಬರೆದಿರುವ ಎಚ್‌ಪಿ ಎಂಜಿನ್ನಿನದು. ಬೇಲರಿಗೆ ಸಿಗುವುದು ಪಿಟಿಒದ (ಟ್ರ್ಯಾಕ್ಟರಿನ ಹಿಂದೆ ತಿರುಗುತ್ತ ಯಂತ್ರವನ್ನು ನಡೆಸುವ ದಂಡದ) ಶಕ್ತಿ, ಅದು ಸ್ವಲ್ಪ ಕಡಿಮೆ. 24 ಎಚ್‌ಪಿಯ ಟ್ರ್ಯಾಕ್ಟರಿನಲ್ಲಿ 20ರ ಮೇಲೆ ಒಂದೆರಡು ಸಿಕ್ಕರೆ ಒಳ್ಳೆಯದೆನ್ನಬೇಕು. ಬೇಲರ್ ನಡೆಯುವುದು ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗಿದಾಗ. ಸಣ್ಣ ಟ್ರ್ಯಾಕ್ಟರುಗಳಲ್ಲಿ ಆ ವೇಗ ಬರಬೇಕಾದರೆ ಎಂಜಿನ್ನನ್ನು ಸಾಕಷ್ಟು ಏರಿಸಿಯೇ ಓಡಿಸಬೇಕಾಗುತ್ತದೆ. ಅಷ್ಟು ಏರಿಸಿದ ಎಂಜಿನ್ನಿನಲ್ಲಿ ಅತಿ ನಿಧಾನದ ಗೇರ್ ಯಾವ ವೇಗ ಕೊಡುತ್ತದೆ ಎಂಬುದನ್ನು ಅಳೆದು ನೋಡಿ. ದಟ್ಟ ಹುಲ್ಲಿನ ಸಾಲಿನಲ್ಲಿ ಗಂಟೆಗೆ ಎರಡು ಕಿಲೋಮೀಟರಿನಷ್ಟು ಮೆಲ್ಲಗೆ ಹೋಗಲು ಬಾರದ ಟ್ರ್ಯಾಕ್ಟರ್ ಬೇಲರಿನ ಬಾಯಿ ಕಟ್ಟಿಸುತ್ತದೆ.

ಇದಕ್ಕಿಂತಲೂ ಮುಖ್ಯವಾದದ್ದು ಕ್ಲಚ್. ದುಂಡು ಬೇಲರಿನಲ್ಲಿ ಬೇಲ್ ತುಂಬಿದಾಗ ಟ್ರ್ಯಾಕ್ಟರ್ ನಿಲ್ಲಬೇಕು, ಪಿಟಿಒ ಮಾತ್ರ ತಿರುಗುತ್ತಲೇ ಇರಬೇಕು, ಏಕೆಂದರೆ ಒಳಗಿನ ಬೇಲ್ ಸುತ್ತಿದರೇ ಬಲೆ ಅದಕ್ಕೆ ಹೊದಿಯುತ್ತದೆ. ಡ್ಯುಯಲ್ ಕ್ಲಚ್ ಅಥವಾ ಸ್ವತಂತ್ರ ಪಿಟಿಒ ಇರುವ ಟ್ರ್ಯಾಕ್ಟರಿನಲ್ಲಿ ಇದು ಕಾಲಿನ ಒಂದು ಒತ್ತಿನ ಕೆಲಸ. ಸಿಂಗಲ್ ಕ್ಲಚ್ ಟ್ರ್ಯಾಕ್ಟರಿನಲ್ಲಾದರೋ ಕ್ಲಚ್ ಒತ್ತಿದ ಕೂಡಲೇ ಪಿಟಿಒ ಕೂಡ ನಿಲ್ಲುತ್ತದೆ. ಗೇರನ್ನು ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟಾಗ, ಬಾಯಲ್ಲಿ ಅರ್ಧ ನುಂಗಿದ ಹುಲ್ಲು ಮತ್ತು ಒಳಗೆ ತುಂಬಿದ ಬೇಲಿನ ಭಾರದೊಂದಿಗೆ ಯಂತ್ರ ನಿಂತಲ್ಲಿಂದ ಮತ್ತೆ ಹೊರಡಬೇಕು. ಒಂದೆರಡು ಬೇಲಿಗೆ ಇದು ನಡೆಯುತ್ತದೆ. ದಿನವಿಡೀ, ಪ್ರತಿ ಎರಡು ನಿಮಿಷಕ್ಕೊಮ್ಮೆ ಹೀಗೆ ಮಾಡಿದರೆ ಕ್ಲಚ್ ಪ್ಲೇಟಿನ ಆಯುಷ್ಯ ಬೇಗ ತೀರುತ್ತದೆ. ಸಿಂಗಲ್ ಕ್ಲಚ್ ಟ್ರ್ಯಾಕ್ಟರ್ ಇರುವವರಿಗೆ ಬಾಡಿಗೆ ಬೇಲರಿನ ಹಾದಿಯೇ ಸರಿ ಎಂದು ನಾನು ಹೇಳುವುದು ಈ ಒಂದು ಕಾರಣಕ್ಕಾಗಿ.

ತೋಟದ ಟ್ರ್ಯಾಕ್ಟರಿಗೆ ಅದರದ್ದೇ ಆದ ತೊಡಕುಗಳೂ ಇವೆ. ದ್ರಾಕ್ಷಿ ಸಾಲಿನಲ್ಲಿ ಹೋಗಲೆಂದು ಅದರ ಮೈಯನ್ನು ಕಿರಿದಾಗಿ ಇಟ್ಟಿರುತ್ತಾರೆ. ಹೊರಗಿನಿಂದ ಹೊರಕ್ಕೆ 1.1 ಮೀಟರ್ ಅಗಲದ ಟ್ರ್ಯಾಕ್ಟರಿನಲ್ಲಿ ಎರಡು ಹಿಂಗಾಲಿಗಳ ಅಗಲವನ್ನು ಕಳೆದರೆ ನಡುವೆ ಉಳಿಯುವ ಜಾಗ ಅರ್ಧ ಮೀಟರಿಗೆ ಚೂರು ಹೆಚ್ಚು, ಅಷ್ಟೇ. ಮಿನಿ ಬೇಲರಿನ ಎತ್ತುವ ಬಾಯಿ ಸುಮಾರು 80 ಸೆಂಟಿಮೀಟರ್ ಅಗಲ. ಕಟಾವು ಯಂತ್ರ ಬಿಟ್ಟುಹೋದ ಹುಲ್ಲಿನ ಸಾಲು ಅದಕ್ಕಿಂತಲೂ ಅಗಲ. ಪರಿಣಾಮವಾಗಿ ಟ್ರ್ಯಾಕ್ಟರಿನ ಗಾಲಿಗಳು ಹುಲ್ಲನ್ನು ತುಳಿದ ಮೇಲೆ ಬೇಲರ್ ಅದನ್ನು ಎತ್ತಬೇಕಾಗುತ್ತದೆ, ಎರಿ ಭೂಮಿಯಲ್ಲಿ ಹೆಂಟೆ, ಮಣ್ಣು ಜೊತೆಗೇ ಬರುತ್ತವೆ. ಬೇಲರ್ ಟ್ರ್ಯಾಕ್ಟರಿನ ಪಕ್ಕಕ್ಕೆ ಸರಿದು ನಿಲ್ಲುವ ಮಾದರಿಯಾದರೆ ಈ ತೊಂದರೆ ತಪ್ಪುತ್ತದೆ. ನೇರ ಹಿಂದೆ ಬರುವ ಮಾದರಿಯಾದರೆ ಮೊದಲು ರೇಕ್ (ಹುಲ್ಲನ್ನು ಸಾಲಾಗಿ ಕೂಡಿಸುವ ಉಪಕರಣ) ಹೊಡೆದು ಸಾಲನ್ನು ಕಿರಿದು ಮಾಡಬೇಕು, ಗಾಲಿಗಳನ್ನು ಅಗಲಿಸುವ ಅವಕಾಶವಿದ್ದರೆ ಅಗಲಿಸಬೇಕು. ಬೇಲರಿನ ಬೆಲೆ ಕೇಳುವಾಗ ರೇಕಿನ ಬೆಲೆಯನ್ನೂ ಕೂಡಿಸಿಯೇ ಕೇಳಿ.

ಇನ್ನೊಂದು, ಹೊಗೆ ಕೊಳವೆ. ಬಳ್ಳಿಗೆ ತಾಗದಿರಲೆಂದು ಕೆಲವು ತೋಟದ ಮಾದರಿಗಳಲ್ಲಿ ಅದು ಕೆಳಮುಖವಾಗಿ ಅಥವಾ ಪಕ್ಕಕ್ಕೆ ಇರುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳ ಬಿಸಿಲಿನಲ್ಲಿ ಒಣಹುಲ್ಲಿನ ಮೇಲೆ ಅಂಥ ಟ್ರ್ಯಾಕ್ಟರ್ ಓಡಿಸುವುದೆಂದರೆ ಬೆಂಕಿಯನ್ನು ಜೊತೆಗಿಟ್ಟುಕೊಂಡೇ ಹೋದಂತೆ. ಕೊಳವೆಯನ್ನು ಮೇಲ್ಮುಖ ಮಾಡಿಸಿ, ಒಂದು ಬೆಂಕಿ ಆರಿಸುವ ಸಿಲಿಂಡರನ್ನೂ ನೀರಿನ ಕ್ಯಾನನ್ನೂ ಕಟ್ಟಿಕೊಂಡೇ ಹೊಲಕ್ಕೆ ಇಳಿಯಬೇಕು. ಹಿಂಬಾಗಿಲು ತೆರೆಯಲು ಹೈಡ್ರಾಲಿಕ್ ಬೇಕಾಗುವ ಬೇಲರಾದರೆ ಟ್ರ್ಯಾಕ್ಟರಿನಲ್ಲಿ ಹೆಚ್ಚುವರಿ ಹೈಡ್ರಾಲಿಕ್ ಕಿಂಡಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಹಳೆಯ ಸಣ್ಣ ಟ್ರ್ಯಾಕ್ಟರುಗಳಲ್ಲಿ ಬಹಳಷ್ಟಕ್ಕೆ ಇರುವುದಿಲ್ಲ.

ದುಂಡು ಆಕಾರದ ಬೆಲೆ

ದುಂಡು ಬೇಲ್ ಮಳೆ ತಡೆಯುತ್ತದೆ, ಹೊರಗೇ ಇಡಬಹುದು ಎಂಬ ಮಾತು ಪ್ರಚಾರದಲ್ಲಿದೆ. ಹೊರದೇಶಗಳ ಹುಲ್ಲುಗಾವಲುಗಳಲ್ಲಿ ಕಟ್ಟುವ 120 ಸೆಂಟಿಮೀಟರ್ ವ್ಯಾಸದ, ಕ್ವಿಂಟಲ್‌ಗಟ್ಟಲೆ ತೂಗುವ ಬೇಲುಗಳಿಗೆ ಅದು ತಕ್ಕಮಟ್ಟಿಗೆ ನಿಜ. ಅಂಥ ಬೇಲಿನ ಹೊರಮೈಯಲ್ಲಿ 5 ಸೆಂಟಿಮೀಟರ್ ದಪ್ಪ ಕೊಳೆತರೆ ನಷ್ಟವಾಗುವುದು ಒಟ್ಟು ಹುಲ್ಲಿನ ಶೇಕಡಾ 16. ನಮ್ಮ 50 ಸೆಂಟಿಮೀಟರ್ ವ್ಯಾಸದ ಬೇಲಿನಲ್ಲಿ ಅದೇ 5 ಸೆಂಟಿಮೀಟರ್ ಕೊಳೆತರೆ ಹೋಗುವುದು ಶೇಕಡಾ 36, ಅಂದರೆ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು. ಆದ್ದರಿಂದ ಮಿನಿ ಬೇಲುಗಳನ್ನು ಬಯಲಿನಲ್ಲಿ ಬಿಡುವ ಆಸೆ ಬೇಡ. ಸೂರು ಇಲ್ಲದಿದ್ದರೆ ಕಲ್ಲು ಅಥವಾ ಕಟ್ಟಿಗೆಯ ಮೇಲೆ ನೆಲದಿಂದ ಎತ್ತರಿಸಿ ಒಟ್ಟಿ, ಮೇಲೆ ತಾಡಪತ್ರಿ ಬಿಗಿಯಬೇಕು.

ಸೂರು ಇದ್ದರೆ ಜಾಗದ ಲೆಕ್ಕ ಬರುತ್ತದೆ. ಒಂದು ದನಕ್ಕೆ ದಿನಕ್ಕೆ 6 ಕೆಜಿ ಒಣಹುಲ್ಲು ಎಂದು ಹಿಡಿದರೆ, ಬೇಸಿಗೆಯ 150 ದಿನಗಳಿಗೆ 900 ಕೆಜಿ ಬೇಕು. 20 ಕೆಜಿಯ ಬೇಲುಗಳಲ್ಲಿ ಎಣಿಸಿದರೆ 45. ನಾಲ್ಕು ದನಗಳಿಗೆ 180 ಬೇಲ್. ದುಂಡು ಬೇಲುಗಳನ್ನು ಒಂದರ ಮೇಲೊಂದು ನೇರವಾಗಿ ಒಟ್ಟಿದಾಗ ಜಾಗದ ಶೇಕಡಾ 78ರಷ್ಟು ಮಾತ್ರ ತುಂಬಿ, ಉಳಿದದ್ದು ಸಂದಿಯಾಗಿ ಹೋಗುತ್ತದೆ. ಹಾಗಾಗಿ ಈ 180 ಬೇಲುಗಳಿಗೆ 4 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆಯಲ್ಲಿ ಎರಡೂವರೆ ಮೀಟರಿಗಿಂತ ಮೇಲೆ ಒಟ್ಟಬೇಕಾಗುತ್ತದೆ. ಅಷ್ಟೇ ಬಿಗಿಯ ಚೌಕ ಬೇಲಾದರೆ ಅದೇ ಕೋಣೆಯಲ್ಲಿ ಸುಮಾರು ಎರಡು ಮೀಟರ್ ಎತ್ತರ ಸಾಕು. ಮೇಲಿನ ಸಾಲಿನ ದುಂಡು ಬೇಲನ್ನು ಕೆಳಗಿನ ಎರಡರ ನಡುವಿನ ತಗ್ಗಿನಲ್ಲಿ ಕೂರಿಸಿದರೆ ಸಂದಿ ಬಹಳಷ್ಟು ಕಡಿಮೆಯಾಗುತ್ತದೆ, ರಾಶಿ ಜಾರುವುದೂ ತಪ್ಪುತ್ತದೆ. ಮನೆಯ ಮೇವಿಗೆ ಈ ವ್ಯತ್ಯಾಸ ದೊಡ್ಡದಲ್ಲ. ಆದರೆ ಟ್ರೇಲರ್ ತುಂಬಿ ಮೂವತ್ತು ನಲವತ್ತು ಕಿಲೋಮೀಟರ್ ಸಾಗಿಸಿ ಮಾರುವವನಿಗೆ ಪ್ರತಿ ಖೇಪಿನಲ್ಲೂ ಗಾಳಿಗೆ ಬಾಡಿಗೆ ಕೊಟ್ಟಂತೆ. ರವದಿ ಅಥವಾ ಹುಲ್ಲಿನ ವ್ಯಾಪಾರ ಮಾಡುವವರಿಗೆ ಚೌಕ ಬೇಲರ್ ಮತ್ತು ಅದಕ್ಕೆ ತಕ್ಕ ದೊಡ್ಡ ಟ್ರ್ಯಾಕ್ಟರ್ ಹೆಚ್ಚು ಹೊಂದುವುದು ಇದರಿಂದ.

ಎತ್ತುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಬಹುತೇಕ ಮನೆಗಳಲ್ಲಿ ಒಂದೇ: ಬೆಳಿಗ್ಗೆ ಸಂಜೆ ದನ ನೋಡುವ ಹೆಣ್ಣುಮಕ್ಕಳು. 18 ಕೆಜಿಯ ಬೇಲನ್ನು ಉರುಳಿಸಿಕೊಂಡೋ ಹೊತ್ತುಕೊಂಡೋ ಗೋದಲಿಗೆ ತರಬಹುದು. 35 ಕೆಜಿಯ ಬೇಲಿಗೆ ಇಬ್ಬರು ಬೇಕು. ಮಧ್ಯಮ ಬೇಲರ್ ಕೊಳ್ಳುವ ಮುನ್ನ ಅವರನ್ನು ಒಂದು ಮಾತು ಕೇಳುವುದು ಲೇಸು.

ಬಲೆಯೋ, ಹುರಿಯೋ

ಬಲೆ ಎರಡೂವರೆ ಸುತ್ತಿನಲ್ಲಿ ಕೆಲಸ ಮುಗಿಸುತ್ತದೆ. 50 ಸೆಂಟಿಮೀಟರ್ ಬೇಲಿಗೆ ಅದು ಸುಮಾರು 4 ಮೀಟರ್. 2000 ಮೀಟರಿನ ಒಂದು ಸುರುಳಿ 500 ಬೇಲಿಗೆ ಬರುತ್ತದೆ. ಹುರಿಯಾದರೆ ಹತ್ತು ಹದಿನೈದು ಸುತ್ತು ಬೇಕು, ಅಷ್ಟು ಹೊತ್ತು ಟ್ರ್ಯಾಕ್ಟರ್ ನಿಂತೇ ಇರಬೇಕು, ಎಲೆಯೂ ಉದುರುತ್ತದೆ. ವೇಗದಲ್ಲಿ ಬಲೆಗೆ ಸಾಟಿಯಿಲ್ಲ. ಆದರೆ ಬಲೆ ಪ್ಲಾಸ್ಟಿಕ್ಕಿನದು, ಅದರ ತುಂಡು ಹುಲ್ಲಿನೊಂದಿಗೆ ಹೊಟ್ಟೆ ಸೇರಿದರೆ ಕರಗುವುದಿಲ್ಲ, ದನದ ಹೊಟ್ಟೆಯಲ್ಲೇ ಕೂಡುತ್ತದೆ. ಬೇಲ್ ಬಿಚ್ಚುವಾಗ ಕತ್ತರಿಸಿ, ಪೂರ್ತಿ ಎಳೆದು, ಒಂದು ಚೀಲದಲ್ಲಿ ಹಾಕುವ ಶಿಸ್ತು ಮನೆಯಲ್ಲಿ ಎಲ್ಲರಿಗೂ ಇದ್ದರೆ ಬಲೆ ಬಳಸಿ. ಇಲ್ಲದಿದ್ದರೆ ಸೆಣಬಿನ ಸುತಳಿಯೇ ಇರಲಿ. ಇಲಿ ಕಡಿದು ಬೇಲ್ ಬಿಚ್ಚಿಕೊಂಡರೂ ಖಿಲಾರಿ ಎತ್ತಿನ ಜೀವಕ್ಕೆ ಅಪಾಯವಿಲ್ಲ. ಬೇಲರ್ ಕೊಳ್ಳುವಾಗ ಎರಡಕ್ಕೂ ಅವಕಾಶವಿದೆಯೇ ಎಂದು ಕೇಳಿ, ಏಕೆಂದರೆ ಕೆಲವು ಮಾದರಿಗಳು ಒಂದನ್ನು ಮಾತ್ರ ಒಪ್ಪುತ್ತವೆ.

ತೇವದ ಬಗ್ಗೆ ಚಿಕ್ಕದಾಗಿ ಹೇಳಬೇಕೆಂದರೆ, ಹುಲ್ಲಿನಲ್ಲಿ ತೇವ ಶೇಕಡಾ 15ರಿಂದ 18ರೊಳಗೆ ಇಳಿದಾಗ ಕಟ್ಟಬೇಕು. 20 ದಾಟಿದರೆ ಬೂಸಲು, ಒಳಗಿನ ಕಾವು. ಹಿಡಿ ಹುಲ್ಲನ್ನು ತಿರುಚಿದಾಗ ದಂಟು ಬಾಗದೆ ಚಟಕ್ಕನೆ ಮುರಿಯಬೇಕು. ನಮ್ಮ ಬೇಸಿಗೆಯಲ್ಲಿ ಸಮಸ್ಯೆ ತಿರುಗುಮುರುಗು: ನಡುಹಗಲಿನಲ್ಲಿ ಹುಲ್ಲು ಅತಿಯಾಗಿ ಒಣಗಿ ಪುಡಿಯಾಗುತ್ತದೆ, ಆದ್ದರಿಂದ ಇಬ್ಬನಿ ಆರಿದ ಬೆಳಗಿನ ಹೊತ್ತು ಮತ್ತು ಇಳಿಹೊತ್ತು ಒಳ್ಳೆಯದು. ಖಾನಾಪುರದ ಕಡೆ ನವೆಂಬರ್, ಡಿಸೆಂಬರಿನ ಭತ್ತದ ಹುಲ್ಲಿಗೆ ಇಬ್ಬನಿ ಹೆಚ್ಚು. ಅಲ್ಲಿ ಆತುರ ಸಲ್ಲದು.

ಕೊಳ್ಳುವುದೋ, ಬಾಡಿಗೆಗೆ ಕರೆಸುವುದೋ

ನಾಲ್ಕು ದನಗಳ ಮನೆಯ 180 ಬೇಲುಗಳಿಗೆ, ಒಂದಕ್ಕೆ ಎರಡು ನಿಮಿಷ ಹಿಡಿದರೂ, ಬೇಕಾಗುವುದು 6 ಗಂಟೆಯ ಕೆಲಸ. ವರ್ಷಕ್ಕೆ ಒಂದು ದಿನ ದುಡಿಯುವ ಯಂತ್ರಕ್ಕೆ ಲಕ್ಷಗಳ ಸಾಲ ಮಾಡುವುದರಲ್ಲಿ ಅರ್ಥವಿಲ್ಲ. ಬೇಲಿಗೆ ಇಷ್ಟು ಎಂಬ ಲೆಕ್ಕದಲ್ಲಿ ಬಾಡಿಗೆಗೆ ಬರುವವರನ್ನು ಕರೆಸುವುದು, ಅಥವಾ ಯಂತ್ರಗಳನ್ನು ಬಾಡಿಗೆಗೆ ಕೊಡುವ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬೇಲರ್ ಇದೆಯೇ ಎಂದು ವಿಚಾರಿಸುವುದು ಅಂಥವರಿಗೆ ತಕ್ಕ ದಾರಿ. ಸ್ವಂತ ಯಂತ್ರ ಸಮರ್ಥನೀಯವಾಗುವುದು ಹಂಗಾಮಿಗೆ ಕೆಲವು ಸಾವಿರ ಬೇಲ್ ಕಟ್ಟುವ ಕೆಲಸ ಕೈಯಲ್ಲಿದ್ದಾಗ: ದೊಡ್ಡ ಹೈನುಗಾರಿಕೆ ಇದ್ದಾಗ, ನಾಲ್ಕೈದು ಮನೆಗಳು ಒಟ್ಟುಗೂಡಿದಾಗ, ಇಲ್ಲವೇ ಸುತ್ತಲಿನ ಹೊಲಗಳಿಗೆ ನೀವೇ ಬಾಡಿಗೆಗೆ ಹೋಗುವಾಗ. ಬಾಡಿಗೆಯೇ ಉದ್ದೇಶವಾದರೆ ಮಿನಿಯನ್ನು ಬಿಟ್ಟು ಮಧ್ಯಮ ದುಂಡು ಬೇಲರಿನ ಕಡೆಗೆ ನೋಡಿ, ಏಕೆಂದರೆ ಒಂದು ಟನ್ ಕಟ್ಟಲು ಮಿನಿಯಲ್ಲಿ 50 ಸಲ ನಿಲ್ಲಬೇಕು, ಮಧ್ಯಮದಲ್ಲಿ ಸುಮಾರು 30 ಸಲ. ಸಹಾಯಧನ ಬೇಕಾದವರು ಮುಂಗಡ ಕೊಡುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ತಾವು ಆಯ್ದ ಮಾದರಿ ಅನುಮೋದಿತ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು.

ಯಾವ ಯಂತ್ರವಾದರೂ ಒಂದು ನಿಯಮಕ್ಕೆ ವಿನಾಯಿತಿ ಇಲ್ಲ. 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. ಧೋತರದ ಚುಂಗು, ಟವೆಲ್ಲು ಅಥವಾ ಸೀರೆಯ ಸೆರಗು ಪಿಟಿಒ ದಂಡಕ್ಕೆ ತಾಗಿದರೆ ಕೂಗುವಷ್ಟರಲ್ಲಿ ಕೈ ಹೋಗಿರುತ್ತದೆ. ದಂಡದ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಆ ದಿನ ಕೆಲಸ ಬೇಡ. ಬಾಯಲ್ಲಿ ಹುಲ್ಲು ಸಿಕ್ಕಿಕೊಂಡಾಗ ಎಂಜಿನ್ ಬಂದ್ ಮಾಡಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡೇ ಕೆಳಗಿಳಿಯಬೇಕು. ಹಿಂಬಾಗಿಲು ಎತ್ತಿ ಒಳಗೆ ಕೈ ಹಾಕುವ ಮೊದಲು ಅದು ಬೀಳದಂತೆ ಕೊಂಡಿ ಹಾಕಬೇಕು. ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನು ಇಳಿಜಾರಿಗೆ ಅಡ್ಡವಾಗಿ ನಿಲ್ಲಿಸಿ ದುಂಡು ಬೇಲನ್ನು ಬಿಡಬೇಕು, ಇಲ್ಲವಾದರೆ ಅದು ಉರುಳಿ ಹಳ್ಳ ಸೇರುತ್ತದೆ.

ಕೊಳ್ಳುವ ತೀರ್ಮಾನ ಮಾಡಿದವರು ಪ್ರಾತ್ಯಕ್ಷಿಕೆಯನ್ನು ಮಾರಾಟಗಾರರ ಅಂಗಳದಲ್ಲಿ ಅಲ್ಲ, ನಿಮ್ಮದೇ ಹೊಲದಲ್ಲಿ, ನಿಮ್ಮದೇ ಟ್ರ್ಯಾಕ್ಟರಿಗೆ ಜೋಡಿಸಿ ಕೇಳಬೇಕು. ಒಂದು ಗಂಟೆ ಓಡಿಸಿದ ಮೇಲೆ ಮೂರು ಬೇಲುಗಳನ್ನು ತೂಗಿ, ಮೊದಲಿನದಕ್ಕೂ ಕೊನೆಯದಕ್ಕೂ ಎಷ್ಟು ಅಂತರವಿದೆ ನೋಡಿ. ಒಂದನ್ನು ಬಿಚ್ಚಿ ನಡುವಿನ ಹುಲ್ಲು ಎಷ್ಟು ಸಡಿಲವಾಗಿದೆ, ಒಳಗೆ ಎಷ್ಟು ಮಣ್ಣಿದೆ ಪರೀಕ್ಷಿಸಿ. ಉರುಳೆಗಳ ಬೇಲರಿನಲ್ಲಿ ನಡುವೆ ತುಸು ಸಡಿಲ ಇರುವುದು ಸಹಜ, ಆದರೆ ಎರಡೂ ತುದಿಗಳಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿದ್ದರೆ ಅದು ಸಾಲಿನ ಮೇಲೆ ಟ್ರ್ಯಾಕ್ಟರ್ ನಡೆಸಿದ ರೀತಿಯ ದೋಷ, ಯಂತ್ರದ್ದಲ್ಲ. ಬೇರಿಂಗುಗಳ ಹತ್ತಿರ ಅಂಗೈ ತಂದು ಬಿಸಿ ನೋಡಿ, ಇದನ್ನೂ ಎಂಜಿನ್ ನಿಲ್ಲಿಸಿದ ಮೇಲೆಯೇ. ಟ್ರ್ಯಾಕ್ಟರಿನ ನೀರಿನ ಬಿಸಿ ಸೂಚಿಸುವ ಮುಳ್ಳು ಎಲ್ಲಿದೆ, ರೇಡಿಯೇಟರಿನ ಜಾಲರಿಗೆ ಎಷ್ಟು ಹೊಟ್ಟು ಮೆತ್ತಿಕೊಂಡಿದೆ ಎಂಬುದನ್ನೂ ಗಮನಿಸಿ. ಹಲ್ಲು, ಸರಪಳಿ ಮತ್ತು ಬಲೆಯ ಸುರುಳಿ ನಿಮ್ಮ ತಾಲ್ಲೂಕಿನಲ್ಲೇ ಸಿಗುತ್ತವೆಯೇ ಎಂಬ ಪ್ರಶ್ನೆಗೆ ಮಾರಾಟಗಾರರು ಅಂಗಡಿಯ ಹೆಸರು ಹೇಳಿ ಉತ್ತರಿಸಿದರೆ, ಹಣ ಕೊಡುವ ಮೊದಲು ಆ ಅಂಗಡಿಗೊಮ್ಮೆ ಹೋಗಿ ಬನ್ನಿ.